ಗೇರ್‌ನಲ್ಲಿ ಬಿಟ್ಟು ಇಳಿದವಳು

ಜನವರಿ 8, ಗುರುವಾರ. ನಸುಕು

ಚಾರ್ಜರ್ ಕಳಚಿ, ವೈರು ಸುತ್ತಿ, ಕಿಟಕಿಯಿಂದ ಒಳಗೆ ಹಾಕಿದೆ. ಗೀಸರ್ ಪಾಯಿಂಟಿನಿಂದಲೇ ಕಾರಿಗೆ ಕರೆಂಟು. ಹಾಗಾಗಿ ನನ್ನ ಗಂಡ ಕನಕರಾಜ್‌ಗೆ ತಣ್ಣೀರು. ಗೊಣಗುತ್ತಾರೆ. ಗೊಣಗಲಿ... ಮನೆಗೊಂದು ಕಾರು ಬೇಕು ಅಂದವರು ಅವರೇ.

ಹತ್ತಿರಕ್ಕೆ ಕರೆಂಟು, ದೂರಕ್ಕೆ ಪೆಟ್ರೋಲು. ದೋಣಿಮಲೈ–ಸಂಡೂರು ಓಡಾಟದಲ್ಲಿ ಎಂಜಿನ್ ಏಳುವುದೇ ಇಲ್ಲ. ಕಂಪ್ಲಿಯ ಮಾವ ಇದಕ್ಕೆ ‘ಅರ್ಧನಾರಿ’ ಎಂದು ಹೆಸರಿಟ್ಟಿದ್ದಾರೆ. ಮೂವತ್ತು ವರ್ಷ ಲಾರಿ ಹೊಡೆದವರು. ಸಪ್ಪಳ ಮಾಡದ್ದು ಅವರ ಪ್ರಕಾರ ಗಾಡಿಯೇ ಅಲ್ಲ. ಸೊಸೆ ಹೊಡೆಯುವ ಗಾಡಿಯಲ್ಲಿ ಕೂರುವುದೂ ಇಲ್ಲ. ನಾನು ಗಣಿಯಲ್ಲಿ ನೂರು ಟನ್ನಿನ ಡಂಪರ್ ಹೊಡೆದರೆ ಅಡ್ಡಿಯಿಲ್ಲವಂತೆ, ಅದು ನೌಕರಿ. ಮನೆಯ ಕಾರು ಹೊಡೆದರೆ ಸೊಕ್ಕು. ಆಗಲಿ, ಸೊಕ್ಕೇ.

ಅದೇ ದಿನ, ಸಂಜೆ

ಫೋರ್‌ಮನ್ ಗವಿಸಿದ್ದಪ್ಪ ಸರ್ ಕರೆದಿದ್ದರು. ಬರುವ ತಿಂಗಳು ಮೂವರು ಹೊಸ ಹುಡುಗಿಯರು ಡಂಪರ್ ಕಲಿಯಲು ಬರುತ್ತಾರಂತೆ. ಕಲಿಸುವವರ ಜಾಗಕ್ಕೆ ನನ್ನ ಹೆಸರು ಹೇಳಿದ್ದಾರಂತೆ.

ನನ್ನ ಹೆಸರು! ನನಗೆ ಕಲಿಸಿದವರೆಲ್ಲ ಗಂಡಸರೇ. ಅವರಲ್ಲಿ ಅರ್ಧ ಜನ ಮೊದಲ ದಿನವೇ ‘ಅಳ್ತಾಳ, ಹೋಗ್ತಾಳ’ ಎಂದು ಪಂಥ ಕಟ್ಟಿದ್ದರು. ಇವತ್ತು ಮನೆಗೆ ಬರುವಾಗ ಕಾರಿನಲ್ಲಿ ಒಬ್ಬಳೇ ಹಾಡಿಕೊಂಡೆ. ಸ್ವರ ಕೆಟ್ಟದಾಗಿತ್ತು. ಕೇಳಲು ಯಾರೂ ಇರಲಿಲ್ಲ.

ಜನವರಿ 15. ಸಂಕ್ರಾಂತಿ. ಕಂಪ್ಲಿ

ಪೆನ್ನು ಒತ್ತಿ ಬರೆಯುತ್ತಿದ್ದೇನೆ. ಸಿಟ್ಟಿಗೆ.

ಬೆಳಗ್ಗೆ ನಾನೇ ಹೊಡೆದುಕೊಂಡು ಬಂದೆ. ಕಮಲಾಪುರ ದಾಟಿದ ಮೇಲೆ ಎಂಜಿನ್ ಎದ್ದಿತು, ಓಣಿಗೆ ತಿರುಗಿದಾಗ ಮತ್ತೆ ಗಪ್ಪಾಯಿತು. ಮನೆ ಮುಂದೆ ನಿಲ್ಲಿಸಿ, ಪಾರ್ಕ್ ಒತ್ತಿ, ಇಳಿದು, ಕೀ ಕನಕರಾಜ್ ಕೈಗೆ ಕೊಟ್ಟು ಅಡುಗೆಮನೆಗೆ ಹೋದೆ. ಸಜ್ಜೆ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಧಡ್ ಎಂದಿತು.

ಓಡಿ ಬಂದರೆ ಕಾರಿನ ಮೂತಿ ಕಾಂಪೌಂಡ್ ಗೋಡೆಯಲ್ಲಿ. ಎಡಗಡೆ ಲೈಟು ಪುಡಿ, ಬಂಪರ್ ಒಳಗೆ. ಓಣಿಯವರೆಲ್ಲ ಕೂಡಿದ್ದರು. ಮಾವ ಪಂಚೆ ಎತ್ತಿಕಟ್ಟಿ ಪಕ್ಕದಲ್ಲಿ ನಿಂತು ಎಲ್ಲರಿಗೂ ಹೇಳುತ್ತಿದ್ದರು:

“ಸೊಸಿ ಗೇರ್‌ನ್ಯಾಗ ಬಿಟ್ಟು ಇಳದಾಳ. ತಾನ ಹೋಗಿ ಗ್ವಾಡಿಗೆ ಬಡದೈತಿ.”

ನಾನು! ಗೇರ್‌ನಲ್ಲಿ ಬಿಟ್ಟು ಇಳಿದೆನಂತೆ. ಗಣಿಯಲ್ಲಿ ಇದಕ್ಕಿಂತ ಕೆಟ್ಟ ಮಾತು ಇಲ್ಲ. ಕುಡಿದು ಬಂದ ಎಂದರೂ ಜನ ಕ್ಷಮಿಸಿಯಾರು. ಬ್ರೇಕ್ ಹಾಕದೆ ಇಳಿದ ಆಪರೇಟರ್‌ನ ಪಕ್ಕ ಯಾರೂ ಊಟಕ್ಕೂ ಕೂರುವುದಿಲ್ಲ.

ಕನಕರಾಜ್ ಕಡೆ ನೋಡಿದೆ. ನೆಲ ನೋಡಿದರು. ಆಮೇಲೆ ಒಳಗೆ ಕರೆದು ಪಿಸುಗುಟ್ಟಿದರು. ಅಪ್ಪ ನೆರಳಿಗೆ ನಿಲ್ಲಿಸುತ್ತೇನೆ ಎಂದು ಕೀ ಕೇಳಿದರಂತೆ, ಇವರು ಕೊಟ್ಟರಂತೆ. ಹಬ್ಬದ ದಿನ, ಹಿರಿಯರು, ಬಂಪರ್ ತಾನೇ, ನೀನೇ ಅಂತ ಇರಲಿ ಬಿಡು... ಇರಲಿ ಬಿಡಬೇಕಂತೆ!

ಅತ್ತೆ ವಿರುಪಮ್ಮ ಒಲೆ ಮುಂದೆ ನನ್ನ ಪಕ್ಕ ಬಂದು ಕೂತರು. ತುಳಸಿಗೆ ನೀರು ಹಾಕುತ್ತ ಎಲ್ಲ ನೋಡಿದ್ದಾರೆ. ಮಾವ ಬಟನ್ ಒತ್ತಿದರಂತೆ. ಸಪ್ಪಳ ಬರಲಿಲ್ಲ. ಗೇರಿನ ಗುಂಡಿ ಹಿಂದೆ ಮುಂದೆ ತಿರುವಿದರಂತೆ. ಆಗಲೂ ಇಲ್ಲ. ಸ್ಟಾರ್ಟ್ ಆಗಿಲ್ಲ ಎಂದುಕೊಂಡು ಲಾರಿಗೆ ಕೊಟ್ಟಂತೆ ರೇಸ್ ಕೊಟ್ಟರಂತೆ.

“ಸುಮ್ಕಿರವ್ವಾ,” ಅಂದರು ಅತ್ತೆ. “ಊರಾಗ ಡ್ರೈವರ್ ಉಜ್ಜಿನಪ್ಪ ಅಂತ ಹೆಸರೈತಿ. ಅದೊಂದ ಉಳದೈತಿ ಅವರಿಗೆ.”

ನನಗೂ ಅದೊಂದೇ ಇರುವುದು ಅತ್ತೆ ಅಂದೆ. ಅವರು ರೊಟ್ಟಿ ತಿರುವಿದರು.

ಜನವರಿ 17

ಕನಕರಾಜ್ ಶೋರೂಮಿಗೆ ಫೋನು ಮಾಡಲು ಹೊರಟರು. ಮೊಬೈಲು ಕಸಿದುಕೊಂಡೆ. ಲೈಟು ಮಾತ್ರ ಹಾಕಿಸುವುದು. ಪೆಟ್ಟು ಹಾಗೇ ಇರಬೇಕು. ಮಾವ ಯಾರ ಮುಂದೆ ಸುಳ್ಳು ಹೇಳಿದರೋ ಅವರ ಮುಂದೆಯೇ ನಿಜ ಹೇಳುವವರೆಗೆ ಬಂಪರಿಗೆ ಸುತ್ತಿಗೆ ಬೀಳಕೂಡದು. ನಾನಾಗಿ ಹೋಗಿ ಊರಿಗೆ ಸಾರುವುದಿಲ್ಲ. ಅವರ ಬಾಯಿಂದಲೇ ಬರಬೇಕು.

ಅಪ್ಪನ ಹತ್ತಿರ ಅದು ಈ ಜನ್ಮದಲ್ಲಿ ಆಗದು ಅಂದರು ಕನಕರಾಜ್. ಹಾಗಾದರೆ ಈ ಜನ್ಮ ಪೂರ್ತಿ ಸೊಟ್ಟ ಮೂತಿಯ ಕಾರಿನಲ್ಲೇ ಓಡಾಡೋಣ.

ಜನವರಿ 20

ಸುದ್ದಿ ನನಗಿಂತ ಮೊದಲು ಗಣಿ ಹತ್ತಿದೆ. ನಮ್ಮ ಶಿಫ್ಟಿನ ಹುಲುಗೇಶನ ಹೆಂಡತಿಯ ತವರು ಕಂಪ್ಲಿ, ಅದೇ ಓಣಿ. ಕ್ಯಾಂಟೀನಿನಲ್ಲಿ ನಾನು ತಟ್ಟೆ ಹಿಡಿದು ಬಂದರೆ ಒಬ್ಬ ಎದ್ದು ತನ್ನ ಬೈಕಿಗೆ ಸ್ಟ್ಯಾಂಡ್ ಹಾಕಿದ್ದೇನಾ ಎಂದು ನೋಡಿ ಬಂದ. ಎಲ್ಲರೂ ನಕ್ಕರು.

ನಾನೂ ಅಲ್ಲೇ ಕೂತು ಎರಡು ಸಲ ಸಾರು ಹಾಕಿಸಿಕೊಂಡೆ. ಹಸಿವಿರಲಿಲ್ಲ.

ಗವಿಸಿದ್ದಪ್ಪ ಸರ್ ಮುಖ ನೋಡದೆ ಹೇಳಿದರು: “ಟ್ರೇನಿಂಗ್ ವಿಚಾರ ಸ್ವಲ್ಪ ದಿನ ಹೋಗ್ಲಿ ಬಿಡಮ್ಮಾ. ಮಂದಿ ಮಾತಾಡಾಕತ್ಯಾರ.”

ನಾನು ಗೇರ್‌ನಲ್ಲಿ ಬಿಟ್ಟು ಇಳಿಯಲಿಲ್ಲ ಸರ್ ಅಂದೆ. ಮತ್ತೆ ಯಾರು ಎಂದು ಕೇಳಿದರು. ಮಾವನ ಹೆಸರು ಗಂಟಲವರೆಗೆ ಬಂತು. ಹೇಳಲಿಲ್ಲ. ಹೇಳಿದ್ದರೆ ಮುದುಕನ ಮೇಲೆ ಹಾಕಿದಳು ಅನ್ನುತ್ತಿದ್ದರು.

ಕಾರಿನಲ್ಲಿ ಕೂತು ಅತ್ತುಬಿಟ್ಟೆ. ಎಸಿ ಹಾಕಿಕೊಂಡು, ಆರಾಮವಾಗಿ. ಆಮೇಲೆ ಮುಖ ತೊಳೆದು ಮನೆಗೆ ಬಂದೆ.

ಫೆಬ್ರವರಿ 8, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಶಿಫ್ಟು, ಚಾರ್ಜು, ನಿದ್ದೆ.

ಇವತ್ತು ಕಂಪ್ಲಿಯಲ್ಲಿ ಮಾವನ ತಮ್ಮ ಅಂಜಿನೇಯ ಕಾಕಾನ ಹೊಸ ಮನೆ ಪ್ರವೇಶ. ಬರಬೇಡ, ಮತ್ತೆ ಮಾತು ಬೆಳೆಯುತ್ತದೆ ಎಂದರು ಕನಕರಾಜ್. ಬಂದೆ. ರೇಷ್ಮೆ ಸೀರೆ ಉಟ್ಟು, ನಾನೇ ಹೊಡೆದುಕೊಂಡು ಬಂದು, ಸೊಟ್ಟ ಮೂತಿ ಚಪ್ಪರದ ಕಡೆಗೇ ಕಾಣುವಂತೆ ನಿಲ್ಲಿಸಿದೆ. ನೋಡಲಿ ಎಲ್ಲರೂ.

ಊಟದ ಪಂಕ್ತಿಯಲ್ಲಿ ಅಂಜಿನೇಯ ಕಾಕಾ ಶುರು ಮಾಡಿದರು. ಹೊಸ ಗೋಡೆ ಅಣ್ಣಾ, ಗಾಡಿ ದೂರ ನಿಲ್ಲಿಸಲು ಹೇಳು ಸೊಸೆಗೆ. ಎಲ್ಲರೂ ನಕ್ಕರು. ಮಾವನೂ ನಕ್ಕರು. ನಾನು ಅವರ ಎಲೆಗೆ ಅನ್ನ ಬಡಿಸುತ್ತಿದ್ದೆ. ಬಡಿಸುತ್ತಲೇ ಮುಖವನ್ನೇ ನೋಡಿದೆ. ಈಗ ಹೇಳಬಹುದು, ಇದಕ್ಕಿಂತ ಸಲೀಸಾದ ಹೊತ್ತು ಸಿಗದು ಎಂದುಕೊಂಡೆ. ಅವರು ಸಾರು ಕಲಸಿದರು.

ಆಗ ಅತ್ತೆ. ನೀರಿನ ಜಗ್ಗು ಹಿಡಿದು ಪಂಕ್ತಿಯ ಕೊನೆಯಲ್ಲಿದ್ದವರು.

“ಆಕಿ ಗ್ವಾಡಿಗೆ ಹಚ್ಚಿಲ್ಲ. ಇವರು ಹಚ್ಯಾರ. ನಾ ಅಲ್ಲೇ ನಿಂತು ನೋಡೀನಿ.”

ಯಾರದೋ ಮಗು ಮಾತ್ರ ಹಪ್ಪಳ ಕೇಳುತ್ತಿತ್ತು. ಮಾವ ತಲೆ ಎತ್ತಲಿಲ್ಲ.

“ಆಕಿಗೆ ಕಣ್ಣಾಗ ಪೊರಿ,” ಅಂದರು. “ಏನ್ ಕಾಣ್ತೈತಿ ಆಕಿಗೆ? ನೀವು ಉಣ್ರಿ.”

ಪೊರೆ ತೆಗೆಸಿ ವರ್ಷವಾಯಿತು. ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ದವಳು ನಾನೇ. ಅತ್ತೆ ಈಗ ಸೂಜಿಗೆ ತಾವೇ ದಾರ ಪೋಣಿಸುತ್ತಾರೆ. ಅದು ಮಾವನಿಗೂ ಗೊತ್ತು.

ಅತ್ತೆ ಜಗ್ಗು ಕೆಳಗಿಟ್ಟರು. ಮನೆಗೆ ಹೋಗಿ ಎರಡು ಸೀರೆ, ಒಂದು ಎಲೆಯಡಿಕೆ ಚೀಲ ತಂದರು. ಕಾರಿನ ಮುಂದಿನ ಬಾಗಿಲು ತೆಗೆದು ಕೂತರು. ಯಾವತ್ತೂ ಮುಂದೆ ಕೂತವರಲ್ಲ. ಬೆಲ್ಟು ಎಲ್ಲಿ ಸಿಗಿಸಬೇಕೆಂದು ತಿಳಿಯಲಿಲ್ಲ, ನಾನು ಸಿಗಿಸಿದೆ. ಕನಕರಾಜ್ ಹಿಂದಿನ ಸೀಟಿನಲ್ಲಿ ಕೂತರು.

ಹೊಸಪೇಟೆ ದಾಟಿದ ಮೇಲೆ ಅತ್ತೆ ಕೇಳಿದರು, ಮೂವತ್ತು ವರ್ಷ ಲಾರಿಯವನ ಹೆಂಡತಿಯಾಗಿದ್ದೆ, ರಸ್ತೆ ಮುಂದಿನಿಂದ ಹಿಂಗ ಕಾಣ್ತೈತೇನು?

ಫೆಬ್ರವರಿ 12

ಅತ್ತೆ ದೋಣಿಮಲೈಯ ನಮ್ಮ ಕ್ವಾರ್ಟರ್ಸಿಗೆ ಹೊಂದಿಕೊಂಡಿದ್ದಾರೆ. ಸಂಜೆ ನಾನು ಬಂದೊಡನೆ ಕಿಟಕಿಯಿಂದ ವೈರು ಇಳಿಬಿಟ್ಟು, ಎಮ್ಮೆಗೆ ಮೇವು ಹಾಕಿದಂತೆ ಕಾರಿಗೆ ಚಾರ್ಜರ್ ಸಿಗಿಸುತ್ತಾರೆ. ಹಸಿರು ದೀಪ ಹತ್ತುವವರೆಗೆ ಅಲ್ಲೇ ನಿಲ್ಲುತ್ತಾರೆ.

ಮಾವ ದಿನಾ ಮಗನಿಗೆ ಫೋನು ಮಾಡುತ್ತಾರೆ. ಅಮ್ಮ ಯಾವಾಗ ಬರುತ್ತಾಳೆ ಎಂದು ಕೇಳುತ್ತಾರೆ. ಅಮ್ಮ ಫೋನು ಮುಟ್ಟುವುದಿಲ್ಲ. ಇವತ್ತು ಮೊದಲ ಸಲ ಕನಕರಾಜ್ ಹೇಳಿದ್ದು ಕೇಳಿಸಿತು: “ಅಪ್ಪಾ, ಕೀ ಕೊಟ್ಟಾಂವ ನಾನು. ನಂಗೂ ಗೊತ್ತೈತಿ.” ಇಷ್ಟು ಹೇಳಲು ನಾಲ್ಕು ವಾರ! ಆದರೂ ರಾತ್ರಿ ಅವರಿಗೆ ಬಿಸಿನೀರು ಬಿಟ್ಟೆ.

ಫೆಬ್ರವರಿ 16, ಸೋಮವಾರ

ಟ್ರೇನಿಂಗಿಗೆ ಬೇರೆಯವನ ಹೆಸರು ಹಾಕಿದ್ದಾರೆ ಎಂದು ಹುಲುಗೇಶ ಬಂದು ಹೇಳಿದ. ತಲೆ ತಗ್ಗಿಸಿದ್ದ, ಪಾಪ. ಸೀದಾ ಗವಿಸಿದ್ದಪ್ಪ ಸರ್ ಹತ್ತಿರ ಹೋದೆ. ಮುಂದಿನ ತಂಡಕ್ಕೂ ನಾನು ಅರ್ಜಿ ಹಾಕುತ್ತೇನೆ, ಅದರ ಮುಂದಿನದಕ್ಕೂ ಹಾಕುತ್ತೇನೆ, ನೀವು ರಿಟೈರ್ ಆದ ಮೇಲೂ ಹಾಕುತ್ತೇನೆ ಎಂದೆ. ನಗು ಬಂತು ಅವರಿಗೆ. ನನಗೆ ಬರಲಿಲ್ಲ.

ಫೆಬ್ರವರಿ 18. ಸಂಜೆ

ಈಗಷ್ಟೇ. ನನ್ನ ಮೊಬೈಲಿಗೆ ಮಾವನ ಫೋನು. ನನಗೆ ಅವರು ಫೋನು ಮಾಡಿದ್ದು ಇದೇ ಮೊದಲು.

ಹಲೋ ಇಲ್ಲ, ಏನಿಲ್ಲ. ಅಂದಾನಪ್ಪನ ಚಹಾದಂಗಡಿಯಲ್ಲಿ ಇದ್ದಾರಂತೆ. ಹಿಂದೆ ಗ್ಲಾಸಿನ ಸದ್ದು, ಬಸ್ಸಿನ ಸದ್ದು. ಅಂಜಿನೇಯನೂ ಇಲ್ಲೇ ಇದ್ದಾನೆ, ಓಣಿಯವರೂ ಇದ್ದಾರೆ ಅಂದರು.

“ಹೇಳೀನಿ. ಎಲ್ಲಾರ ಮುಂದ ಹೇಳೀನಿ. ಸ್ಟಾರ್ಟ್ ಆಗಿದ್ದು ನಂಗ ತಿಳೀಲಿಲ್ಲ, ಗ್ವಾಡಿಗೆ ಹಚ್ಚಿದಾಂವ ನಾನ. ಸಾಕೇನು?”

ನನಗೆ ಸಾಕು ಮಾವ ಎನ್ನಲು ಬಾಯಿ ತೆರೆದೆ. ಎದುರಿಗೆ ಅತ್ತೆ ನಿಂತಿದ್ದರು. ಸಾಕಾ ಇಲ್ಲವಾ ಎಂದು ಅತ್ತೆಯನ್ನೇ ಕೇಳಿ ಎಂದು ಫೋನು ಅವರ ಕೈಗೆ ಕೊಟ್ಟೆ.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. ಫೋನನ್ನು ಕಿವಿಗೆ ಹಿಡಿದರು. ಪೂರ್ತಿ ಕೇಳಿದರು. ನನ್ನ ಕಡೆ ನೋಡಿದರು.

“ಕೇಳಸಲಿಲ್ರಿ,” ಅಂದರು. “ಇನ್ನೊಮ್ಮೆ ಜೋರಾಗಿ ಹೇಳ್ರಿ.”

ನಾನು ಸ್ಪೀಕರ್ ಒತ್ತಿದೆ.