ಪದ್ಮಾವತಿಗೆ ಸಂತಾನವಿಲ್ಲ

ಠಾಣೆ
ಭಾನುವಾರ, 26 ನವೆಂಬರ್ 1995

ಅಪ್ಪ ಹೋದ ಮೇಲೆ ಅಪ್ಪನ ಜಾಗದಲ್ಲಿ ನಿಂತ ಮುಂಡಪ್ಪಣ್ಣನಿಗೆ,

ತಂಗಿ ಜಯಲತಾಳ ನಮಸ್ಕಾರ. ನಾವಿಲ್ಲಿ ಹೀಗೇ ಇದ್ದೇವೆ. ನಿಮ್ಮ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು, ಸಮಾಧಾನವಾಯಿತು. ಅನ್ನ ಕಡಿಮೆ ಮಾಡಿ, ಸಂಜೆ ಗದ್ದೆಯ ಕಡೆ ಒಂದು ಸುತ್ತು ನಡೆಯಿರಿ.

ದೀಪಾವಳಿಗೆ ಮೊದಲೇ ನೀವು ಬರೆದ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ. ನನ್ನ ಮೊಣಕಾಲು ನೋವು, ಅದರ ಬೆನ್ನಿಗೇ ಇವರಿಗೆ ಬಂದ ಜ್ವರ, ಎರಡೂ ನಿಜ. ಆದರೆ ತಡವಾದದ್ದು ಅದರಿಂದಲ್ಲ. ಕೆಲಸ ಮುಗಿಯದೆ ಬರೆಯುವುದು ಬೇಡವೆಂದು ಮೊದಲು ಸುಮ್ಮನಿದ್ದೆ. ಮುಗಿದ ಮೇಲೆ ಹೇಗೆ ಬರೆಯಬೇಕೆಂದು ತಿಳಿಯದೆ ಸುಮ್ಮನಾದೆ. ಇಷ್ಟು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದವಳು ನಾನು. ಈ ಕಾಗದವನ್ನು ಮೂರು ಸಲ ಹರಿದು ಹಾಕಿದೆ.

ನೀವು ಕೊಟ್ಟ ಕೆಲಸ ಸಣ್ಣದಾಗಿರಲಿಲ್ಲ. ರೈಲು ಹಳಿ ನಮ್ಮ ಬಾಕಿಮಾರು ಗದ್ದೆಯನ್ನು ಸೀಳಿಕೊಂಡು ಹೋಗಿದೆ. ಅದರ ಪರಿಹಾರವೂ ಉಳಿದ ಭೂಮಿಯ ಪಾಲೂ ಒಟ್ಟಿಗೆ ಕೋರ್ಟಿನಲ್ಲಿ ನಿಂತಿವೆ. ನಮ್ಮ ಮೂಲದ ಗುತ್ತಿನ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಯಾರು, ಎಲ್ಲಿ ಮದುವೆಯಾದರು, ಅವರ ಹೊಟ್ಟೆಯಲ್ಲಿ ಹುಟ್ಟಿದವರು ಈಗ ಎಲ್ಲಿದ್ದಾರೆ, ಒಂದು ಹೆಸರೂ ಬಿಡದೆ ಬೇಕೆಂದು ವಕೀಲರು ಹೇಳಿದ್ದಾರೆ. ಅಳಿಯಸಂತಾನದ ಕಟ್ಟು, ತಾಯಿಯಿಂದ ಇಳಿದ ಆಸ್ತಿ. ಅರ್ಧ ಕುಟುಂಬ ಬೊಂಬಾಯಿಯ ಆಚೀಚೆ ಇರುವುದರಿಂದ ವಿಚಾರಿಸಿ ಬರೆಯುವ ಭಾರ ನನ್ನ ಮೇಲೆ ಬಿತ್ತು.

ಮೊದಲು ಡೊಂಬಿವಲಿಗೆ ಹೋದೆ. ಅಲ್ಲಿ ನಮ್ಮ ಗಿರಿಯಮ್ಮ ದೊಡ್ಡಮ್ಮ ಮೊಮ್ಮಗಳ ಮನೆಯಲ್ಲಿದ್ದಾರೆ. ಕಣ್ಣು ಪೂರ್ತಿ ಹೋಗಿದೆ, ನೆನಪು ಹೋಗಿಲ್ಲ. ಮಂಚದ ಮೇಲೆ ಕುಳಿತು, ಮಡಿಲಲ್ಲಿ ಹರಿವಾಣ ಇಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಾ, ಹಾಡು ಹೇಳಿದಂತೆ ವಂಶ ಹೇಳಿದರು. ಮೊದಲು ದುಗ್ಗಕ್ಕ. ಸೀಮೆಯ ಅರಸು ಭೂಮಿಯನ್ನು ಬಿಟ್ಟುಕೊಟ್ಟದ್ದು ಅವಳ ಅಣ್ಣನಿಗೆ, ಅದು ಇಳಿದದ್ದು ಅವಳ ಮಕ್ಕಳಿಗೆ. ದುಗ್ಗಕ್ಕನ ದೊಡ್ಡ ಮಗಳು ಬಾಗಿಯಕ್ಕ. ಅವಳನ್ನು ಮದುವೆಯಾದವರು ಹೊಳೆಬದಿಯ ಗದ್ದೆಯನ್ನು ಉಡುಗೊರೆ ಕೊಟ್ಟಿದ್ದರು, ಅದು ಭೂಮಸೂದೆಯಲ್ಲಿ ಒಕ್ಕಲಿನವರಿಗೆ ಹೋಯಿತು. ಸಣ್ಣವಳು ಚೆನ್ನಕ್ಕ. ಅವಳಿಗೆ ಮೂರು ಮದುವೆ. ಮೊದಲ ಗಂಡ ಹಾವು ಕಚ್ಚಿ ಹೋದ, ಎರಡನೆಯವನು ಘಟ್ಟ ಹತ್ತಿದವನು ಹಿಂದೆ ಬರಲಿಲ್ಲ, ಮೂರನೆಯವನು ಬಾಳಿದ. ಮೂವರಿಗೂ ಮಕ್ಕಳಿದ್ದರು, ಎಲ್ಲರೂ ಗುತ್ತಿನವರೇ, ಎಲ್ಲರಿಗೂ ಒಂದೇ ಸಮನಾಗಿ ಪಾಲು. ಕಲ್ಯಾಣದಲ್ಲಿ ಕ್ಯಾಂಟೀನು ನಡೆಸುವ ಮುರಾರಿ ಆ ಎರಡನೆಯ ಮದುವೆಯ ಕವಲಿನವನು. ನಾವು ಬಾಗಿಯಕ್ಕನವರು.

ಗಂಡಂದಿರ ಹೆಸರನ್ನೂ ಬರೆದುಕೊಳ್ಳೋಣವೆಂದು ಕೇಳಿದೆ. ದೊಡ್ಡಮ್ಮ ನಕ್ಕುಬಿಟ್ಟರು. "ಗಂಡಂದಿರ ಹೆಸರು ಯಾರು ನೆನಪಿಟ್ಕೊಳ್ತಾರೆ ಮಗಾ? ಅವ್ರು ಬಂದ್ರು, ಹೋದ್ರು. ಭೂಮಿ ಹೆಣ್ಣಿನ ಹಿಂದೆ ಬಂತು" ಎಂದರು.

ಹೀಗೆ ಹೇಳುತ್ತಾ ಹೇಳುತ್ತಾ ನಮ್ಮ ಅಮ್ಮನ ಕವಲಿಗೆ ಬಂದರು. ಮುಂಡಪ್ಪ, ಜಯಲತಾ, ಪದ್ಮಾವತಿ ಎಂದರು. ಅದೇ ರಾಗ, ಸ್ವಲ್ಪವೂ ತಡವರಿಸಲಿಲ್ಲ. ನಾನು ಪೆನ್ನು ಎತ್ತಿದೆ. ಅದು ಅವರಿಗೆ ಹೇಗೆ ಗೊತ್ತಾಯಿತೋ, "ಯಾಕೆ ನಿಲ್ಲಿಸಿದ್ದಿ? ಬರಿ. ನನ್ನ ಕೈಯಲ್ಲಿ ಮೊದಲು ಮಿಂದ ಕೂಸು ಅದು" ಎಂದರು.

ಅಣ್ಣ, ನಿಮ್ಮ ಕಾಗದದ ಕೊನೆಯಲ್ಲಿ ನೀವು ಬರೆದದ್ದು ನನ್ನ ಕಣ್ಣ ಮುಂದಿತ್ತು. ಪದ್ಮಾವತಿಯ ಹೆಸರಿನ ಮುಂದೆ 'ಸಂತಾನವಿಲ್ಲ' ಎಂದು ಹಾಕಿದರೆ ಸಾಕು, ಅವಳನ್ನು ಹುಡುಕುವ ಅಗತ್ಯವಿಲ್ಲ ಎಂದಿದ್ದಿರಿ.

ನಾನು ಹುಡುಕಿದ್ದು ಇದೇ ಮೊದಲಲ್ಲ. ಅವಳು ಅಂಗಾರನ ಜೊತೆ ಮನೆ ಬಿಟ್ಟ ವರ್ಷ ನಾನು ಹೊಸತಾಗಿ ಠಾಣೆಗೆ ಬಂದಿದ್ದೆ. ನಮ್ಮ ಗದ್ದೆಯಲ್ಲಿ ಭತ್ತದ ನೇಜಿ ನೆಡುತ್ತಿದ್ದವಳ ಮಗನನ್ನು ಅವಳು ಕಟ್ಟಿಕೊಂಡಳೆಂದು ನೀವು ಬರೆದಾಗ ಎರಡು ದಿನ ಒಲೆ ಹಚ್ಚಲಿಲ್ಲ. ಆಮೇಲೆ ಯಾರೋ ಭಿವಂಡಿಯಲ್ಲಿ ಮಗ್ಗದ ಕಡೆ ನೋಡಿದೆವು ಎಂದರು. ಇವರನ್ನು ಕರೆದುಕೊಂಡು ಹೋಗಿ ಆ ಗದ್ದಲದ ಓಣಿಗಳಲ್ಲಿ ಬಾಗಿಲು ಬಾಗಿಲಿಗೆ ಕೇಳಿದೆ. ಸಿಗಲಿಲ್ಲ. ಅದಾದ ಮೇಲೆ ಊರಿಗೆ ಬಂದಾಗಲೆಲ್ಲ ನಿಮ್ಮನ್ನೇ ಕೇಳುತ್ತಿದ್ದೆ. ನೀವು ಎದ್ದು ಅಂಗಳಕ್ಕೆ ಹೋಗುತ್ತಿದ್ದಿರಿ.

ಮುರಾರಿಯ ಹತ್ತಿರ ಹೋದದ್ದು ಅವನ ಕವಲಿನ ಹೆಸರುಗಳಿಗೆ. ಅವನು ಎಲ್ಲ ಹೇಳಿ ಮುಗಿಸಿ, ಕ್ಯಾಶ್ ಟೇಬಲ್ಲಿನ ಹಿಂದೆ ನಿಂತೇ, ಸ್ವರ ತಗ್ಗಿಸಿ ಕೇಳಿದ: ಪದ್ಮಾವತಿ ಅಕ್ಕನದ್ದು ಬೇಡವಾ? ಅವನು ಮೊದಲು ಕಳವಾ ಊರಿನ ರೈಲ್ವೆ ಕಾರ್‌ಶೆಡ್ಡಿನ ಬಳಿ ಚಹಾದಂಗಡಿ ಇಟ್ಟಿದ್ದನಂತೆ. ಅಲ್ಲಿ ಖಲಾಸಿಯಾಗಿದ್ದ ಅಂಗಾರ ದಿನಾ ಬರುತ್ತಿದ್ದ, ತುಳುವಿನಲ್ಲಿ ಮಾತಾಡುತ್ತಿದ್ದ, ಮನೆಯ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಮುರಾರಿಯೂ ಕೇಳಿದವನಲ್ಲ.

ಕಳವಾ ಅಂದರೆ ನಿಮಗೆ ಗೊತ್ತೇ ಇದೆ. ನಮ್ಮ ಠಾಣೆ ಸ್ಟೇಷನ್ ಬಿಟ್ಟರೆ ಹಿನ್ನೀರಿನ ಖಾಡಿಯ ಸೇತುವೆ, ಅದನ್ನು ದಾಟಿದರೆ ಕಳವಾ. ನಾನು ಭಿವಂಡಿಯ ಓಣಿಗಳಲ್ಲಿ ಕೇಳುತ್ತಾ ಅಲೆದವಳು. ಅವಳಿದ್ದದ್ದು ಮುಂದಿನ ಸ್ಟೇಷನ್ನಿನಲ್ಲಿ.

ಹೋದ ಭಾನುವಾರ ಮುರಾರಿ ಕರೆದುಕೊಂಡು ಹೋದ. ಗುಡ್ಡದ ಬದಿಗೆ ಹತ್ತಿಸಿ ಕಟ್ಟಿದ ಸಣ್ಣ ಸಣ್ಣ ಖೋಲಿಗಳು, ಮಧ್ಯದಲ್ಲಿ ಒಬ್ಬರು ಅಡ್ಡ ತಿರುಗಿದರೆ ಇನ್ನೊಬ್ಬರು ನಿಲ್ಲಬೇಕು. ಅಂಗಾರ ಬಾಗಿಲಲ್ಲೇ ಇದ್ದ. ತಲೆ ಪೂರ್ತಿ ನರೆತಿದೆ. ನನ್ನನ್ನು ನೋಡಿದ ಕೂಡಲೇ ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡ, ಥೇಟ್ ನಮ್ಮ ಅಂಗಳದಲ್ಲಿ ನಿಲ್ಲುತ್ತಿದ್ದ ಹಾಗೆ. ನನಗೆ ಕುರ್ಚಿ ಕೊಟ್ಟ, ತಾನು ಕೂರಲಿಲ್ಲ. ಕೂರು ಎಂದೆ, ಕೂರಲಿಲ್ಲ. ಒಳಗಿಂದ ಒಬ್ಬಳು ಹುಡುಗಿ ಬಂದು ಮರಾಠಿಯಲ್ಲಿ ಗದರಿದ ಮೇಲೆ ಹೊಸ್ತಿಲ ಮೇಲೆ ಕುಳಿತ. ಆ ಹುಡುಗಿಯ ಹಣೆ ನೋಡಿದೆ. ನಮ್ಮ ಅಮ್ಮನ ಹಣೆ, ಹಾಗೇ ಅಗಲ, ಹಾಗೇ ನಡುವೆ ಒಂದು ಗೆರೆ. ಅಪೇಕ್ಷಾ ಅಂತ ಹೆಸರು. ವಾಶಿಯ ಒಂದು ಆಫೀಸಿನಲ್ಲಿ ಟೈಪಿಸ್ಟು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ತುಳು, ಕನ್ನಡ ಎರಡೂ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮರಾಠಿ.

ಚಹಾ ಕೊಟ್ಟಳು, ಕುಡಿದೆ. ಮುರಾರಿ ಮಳೆ, ರೈಲು, ಸಕ್ಕರೆಯ ರೇಟು ಅಂತ ಏನೋ ಮಾತಾಡುತ್ತಿದ್ದ. ನಾನು ಬಾಗಿಲ ಕಡೆಯೇ ನೋಡುತ್ತಿದ್ದೆ. ಹೊರಗೆ ನಲ್ಲಿಯ ಹತ್ತಿರ ಹೆಂಗಸರ ಮಾತು ಕೇಳುತ್ತಿತ್ತು. ಪದ್ದು ನೀರಿಗೆ ಹೋಗಿರಬೇಕು, ಈಗ ಕೊಡ ಎತ್ತಿಕೊಂಡು ಬರುತ್ತಾಳೆ, ನನ್ನನ್ನು ನೋಡಿ ಕೊಡ ಎಲ್ಲಿ ಇಳಿಸಬೇಕೆಂದು ತಿಳಿಯದೆ ನಿಲ್ಲುತ್ತಾಳೆ ಎಂದೆಲ್ಲ ಎಣಿಸಿಕೊಂಡು ಕುಳಿತಿದ್ದೆ. ಒಬ್ಬೊಬ್ಬಳು ಹೆಂಗಸು ಕೊಡ ಹಿಡಿದು ದಾಟಿದಾಗಲೂ ಕುರ್ಚಿಯಿಂದ ಅರ್ಧ ಏಳುತ್ತಿದ್ದೆ. ಕೊನೆಗೆ ನಾನೇ ಕೇಳಿದೆ, ನಿನ್ನ ಅಮ್ಮ ಎಷ್ಟು ಹೊತ್ತಿಗೆ ಬರುತ್ತಾಳೆ ಮಗಾ?

ಅಂಗಾರ ತಲೆ ತಗ್ಗಿಸಿದ. ಹೇಳಿದ್ದು ಅಪೇಕ್ಷಾ. ಕಾಮಾಲೆ ಏರಿತ್ತಂತೆ. ಆಸ್ಪತ್ರೆಗೆ ಸೇರಿಸುವಾಗಲೇ ತಡವಾಗಿತ್ತಂತೆ. ಆಗ ಇವಳಿಗೆ ಹದಿನೈದು ವರ್ಷ. ಈಗ ಒಂಬತ್ತು ವರ್ಷವಾಯಿತು.

ನಾನು ಅಳಲಿಲ್ಲ ಅಣ್ಣ. ಕೈಯಲ್ಲಿದ್ದ ಲೋಟವನ್ನು ಅಪೇಕ್ಷಾ ಬಂದು ತೆಗೆದುಕೊಂಡಳು, ಅದು ಮಾತ್ರ ನೆನಪಿದೆ.

ಆಮೇಲೆ ಅವಳು ಒಂದೊಂದೇ ಹೇಳಿದಳು. ನಾನು ಠಾಣೆಯಲ್ಲಿರುವುದು ಪದ್ದುವಿಗೆ ಗೊತ್ತಿತ್ತಂತೆ. ನಾನು ಪಾಠ ಹೇಳುತ್ತಿದ್ದ ಶಾಲೆಯೂ ಗೊತ್ತಿತ್ತು. ಮಗಳನ್ನು ಕರೆದುಕೊಂಡು ಠಾಣೆ ಪೇಟೆಗೆ ಬಂದಾಗ ಶಾಲೆಯ ಎದುರಿನ ರಸ್ತೆಯಲ್ಲಿ ನಿಂತು, ಆ ಹಸಿರು ಸೀರೆಯವಳು ನಿನ್ನ ಮಾವಶಿ, ನನ್ನ ಅಕ್ಕ ಎಂದು ತೋರಿಸಿದ್ದಳಂತೆ. ಮಾತಾಡಿಸು ಎಂದು ಮಗಳು ಹಟ ಮಾಡಿದರೆ, ಬೇಡ, ಅಣ್ಣನಿಗೆ ಗೊತ್ತಾದರೆ ಅಕ್ಕನಿಗೂ ತವರು ತಪ್ಪುತ್ತದೆ ಎಂದಳಂತೆ. ನನ್ನ ತವರು ಉಳಿಯಲೆಂದು ಅವಳು ರಸ್ತೆ ದಾಟಲಿಲ್ಲ.

ಭೂಮಿಯ ವಿಷಯ ಹೇಳಿದೆ. ಹೇಳಲೇಬೇಕಿತ್ತು, ಅದಕ್ಕೇ ಹೋಗಿದ್ದು. ಅಂಗಾರ ಆಗ ಮೊದಲ ಸಲ ಬಾಯಿಬಿಟ್ಟ. "ನಮಗೆ ಆ ಮಣ್ಣು ಬೇಡ ಅಕ್ಕ. ಅವಳೇ ಬಿಟ್ಟು ಬಂದದ್ದು" ಎಂದ. ಅಪೇಕ್ಷಾ ಅಪ್ಪನನ್ನು ತಡೆದಳು. "ಪಪ್ಪಾ, ತುಮ್ಹಿ ಥಾಂಬಾ" ಎಂದವಳೇ ನನ್ನ ಕಡೆ ತಿರುಗಿ, ಅಮ್ಮನ ಪಾಲು ಎಂದರೆ ಅದು ನನ್ನದು ತಾನೆ, ಎಷ್ಟಿದೆ, ಅಲ್ಲಿ ಮನೆ ಕಟ್ಟಬಹುದಾ ಎಂದು ಕೇಳಿದಳು. ಈ ಖೋಲಿಗಳನ್ನೆಲ್ಲ ಯಾವತ್ತು ಬೇಕಾದರೂ ಕೆಡವುತ್ತಾರಂತೆ. ಬೇಡ ಎಂದು ದೊಡ್ಡ ಮನಸ್ಸು ತೋರಿಸಲು ತನ್ನಿಂದ ಆಗುವುದಿಲ್ಲ ಎಂದಳು. ನನಗೆ ಅವಳ ಆ ಮಾತು ಇಷ್ಟವಾಯಿತು. ಗುತ್ತಿನಲ್ಲಿ ಹುಟ್ಟಿದ ಹೆಣ್ಣು ಹೀಗೇ ಕೇಳಬೇಕು. ಬಾಗಿಯಕ್ಕ, ಚೆನ್ನಕ್ಕ ಕೇಳದೆ ಬಿಟ್ಟಿದ್ದರೆ ನಮಗೆ ಎಲ್ಲಿಯ ಬಾಕಿಮಾರು?

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಒಂಬತ್ತು ವರ್ಷದ ಹಿಂದಿನ ಸಾವಿಗೆ ಸೂತಕ ಉಂಟೋ ಇಲ್ಲವೋ, ಯಾರನ್ನೂ ಕೇಳಲಿಲ್ಲ.

ಆದ್ದರಿಂದ ಅಣ್ಣ, ಇದರ ಜೊತೆ ಇಟ್ಟಿರುವ ವಂಶಾವಳಿಯಲ್ಲಿ ಪದ್ಮಾವತಿಯ ಹೆಸರಿನ ಕೆಳಗೆ ಅಪೇಕ್ಷಾ ಎಂದು ಬರೆದಿದ್ದೇನೆ. ಅದನ್ನು ತೆಗೆದು ಬೇರೆ ಪ್ರತಿ ಮಾಡಿಸಿದರೆ ಅದಕ್ಕೆ ನಾನು ರುಜು ಹಾಕುವುದಿಲ್ಲ. ಕೋರ್ಟಿಗೆ ಬರಬೇಕೆಂದರೆ ಬಂದು ಹೇಳುತ್ತೇನೆ. ಇದು ನಿಮಗೆ ಎದುರು ಹೇಳಿದ ಮಾತೆಂದು ತಿಳಿಯಬೇಡಿ. ನಮ್ಮ ವಂಶದಲ್ಲಿ ಇಷ್ಟೊಂದು ಮದುವೆಗಳಾಗಿವೆ, ಒಬ್ಬ ಗಂಡನ ಹೆಸರೂ ಉಳಿದಿಲ್ಲ. ಗಂಡ ಯಾರೆಂದು ನೋಡಿ ಮಕ್ಕಳಿಗೆ ಪಾಲು ಕೊಟ್ಟದ್ದೂ ಇಲ್ಲ. ಅಂಗಾರನ ಹೆಸರು ಒಂದೇ ನಮಗೆ ಅಷ್ಟು ದೊಡ್ಡದು ಹೇಗಾಯಿತು?

ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ. ಮಕ್ಕಳಿಗೆ, ಸೊಸೆಗೆ ಒಳ್ಳೆಯದಾಗಲಿ. ಮೊಮ್ಮಗುವಿಗೆ ನಡೆಯಲು ಬಂದಿರಬೇಕು, ದೃಷ್ಟಿ ತೆಗೆಯಿರಿ. ಮನೆಯ ಭೂತಗಳು, ನಾಗ ಎಲ್ಲರನ್ನೂ ಕಾಯಲಿ. ನಿಮ್ಮ ಆಶೀರ್ವಾದವನ್ನು ನಾನು ಯಾವತ್ತೂ ಬೇಡಿಕೊಂಡವಳು, ಇವತ್ತೂ ಬೇಡುತ್ತೇನೆ.

ಇತಿ ನಿಮ್ಮ ತಂಗಿ,
ಜಯಲತಾ

ತಾ. ಕ.: ಇದನ್ನು ಬರೆಯದೆ ಅಂಚೆಗೆ ಹಾಕೋಣವೆಂದಿದ್ದೆ. ಆಗಲಿಲ್ಲ.

ಅವತ್ತು ಅಂಗಾರ ನನ್ನನ್ನು ಕಳುಹಿಸಲು ಕಳವಾ ಸ್ಟೇಷನ್ನಿಗೆ ಬಂದ. ಮುರಾರಿ ಟಿಕೆಟಿಗೆ ಹೋಗಿದ್ದಾಗ, "ಅಕ್ಕನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲವಾ?" ಎಂದು ಕೇಳಿದ. ನನಗೆ ಯಾರು ಹೇಳಬೇಕು ಎಂದೆ. ಅವನು ಹೆಗಲ ಟವೆಲು ಮತ್ತೆ ಕೈಗೆ ತೆಗೆದುಕೊಂಡ. ಆಮೇಲೆ ಹೇಳಿದ. ಪದ್ದು ಸತ್ತ ಮೂರನೆಯ ದಿನ ಬಸ್ಸು ಹತ್ತಿ ಊರಿಗೆ ಬಂದು, ನಮ್ಮ ಅಂಗಳದಲ್ಲಿ ನಿಂತು ನಿಮಗೆ ಸುದ್ದಿ ಮುಟ್ಟಿಸಿದನಂತೆ. ಠಾಣೆಯ ಅಕ್ಕನಿಗೂ ಹೇಳಿ ಬರುತ್ತೇನೆ ಎಂದಾಗ ನೀವು, ಅವಳಿಗೆ ನಾನೇ ಹೇಳುತ್ತೇನೆ, ನೀನು ಆ ಕಡೆ ಹೋಗಬೇಡ ಎಂದಿರಂತೆ. ಅವನು ನಿಮ್ಮ ಮಾತು ಮೀರಲಿಲ್ಲ.

ಅದು ಎಂಬತ್ತಾರರ ಡಿಸೆಂಬರು. ಅದೇ ವಾರ ನೀವು ನನ್ನ ಮಗಳ ಮದುವೆಗೆ ಠಾಣೆಗೆ ಬಂದಿರಿ. ಸೂತಕವೆಂದರೆ ಮದುವೆ ನಿಲ್ಲುತ್ತಿತ್ತು, ಅದಕ್ಕೇ ಮುಚ್ಚಿಟ್ಟಿರಿ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಮಗಳಿಗಾಗಿ ಹಾಗೆ ಮಾಡಿದಿರಿ ಎಂದೇ ಇಟ್ಟುಕೊಳ್ಳೋಣ. ಮದುವೆ ಒಂದು ದಿನ. ಆಮೇಲಿನ ಒಂಬತ್ತು ವರ್ಷ?

ನಿಮಗೆ ನೆನಪಿದೆಯೋ ಇಲ್ಲವೋ. ಮದುವೆ ಮುಗಿದು, ಮಗಳನ್ನು ಕಳುಹಿಸಿ ಬಂದು ನಾವಿಬ್ಬರೇ ಕುಳಿತಿದ್ದೆವು. ಮನೆ ಖಾಲಿಯಾಗಿ ನನಗೆ ಪದ್ದುವಿನ ನೆನಪು ಉಕ್ಕಿ ಬಂತು. ಅವಳ ಸುದ್ದಿ ಏನಾದರೂ ಉಂಟಾ ಅಣ್ಣ ಎಂದು ಕೇಳಿದೆ. ನೀವು ಆವತ್ತು ಎದ್ದು ಹೋಗಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ಎಲ್ಲೋ ಸುಖವಾಗಿರ್ತಾಳೆ ಬಿಡು" ಎಂದಿರಿ.

ಆ ಮಾತನ್ನು ನಂಬಿಕೊಂಡು ಇದ್ದೆ ಅಣ್ಣ, ಹೋದ ಭಾನುವಾರದವರೆಗೆ.