ಶೀತದ ಮಾತ್ರೆಯೂ ತಡವಾಗಿ ಬಂದ ಎಚ್ಚರಿಕೆಯೂ

ಬಸ್ ಡಿಪೋದ ಮಾನ್ಯ ಆರೋಗ್ಯಾಧಿಕಾರಿಗಳೇ,

ಅಲರ್ಜಿಯ ಮಾತ್ರೆ ನುಂಗಿಸಿ ಚಾಲಕನನ್ನು ಬಸ್ಸು ಹತ್ತಿಸಿದವರು ನೀವು. ಬಸ್ಸು ಫುಟ್‌ಪಾತ್ ಹತ್ತಿದ ಮೇಲೆ ‘ಎಚ್ಚರಿಕೆ ಹೇಳಿದ್ದೆವು’ ಎನ್ನುತ್ತಿರುವವರೂ ನೀವೇ. ಆ ಚಾಲಕ ನನ್ನ ಅಕ್ಕನ ಗಂಡ. ಇಪ್ಪತ್ತೆರಡು ವರ್ಷ ಬಸ್ಸಿಗೆ ಒಂದು ಗೀರೂ ಬೀಳದಂತೆ ಓಡಿಸಿದ ಮನುಷ್ಯ. ಸೋಮವಾರದ ವಿಚಾರಣೆಯಲ್ಲಿ ನಿಮ್ಮ ಮಾತೇ ನಿಂತರೆ ಅವರ ಕೆಲಸ ಹೋಗುತ್ತದೆ.

ಎರಡನೇ ತಾರೀಕು ಬೆಳಿಗ್ಗೆ ಭಾವನಿಗೆ ಒಂದೇ ಸಮನೆ ಸೀನು, ಕಣ್ಣಲ್ಲಿ ನೀರು. ನಿಮ್ಮ ಕಾಂಪೌಂಡರ್ ಪಟ್ಟಿಯಿಂದ ಎರಡು ಮಾತ್ರೆ ಕತ್ತರಿಸಿ ಕೊಟ್ಟರು. ‘ನಿದ್ದೆ ತರಬಹುದು, ವಾಹನ ಓಡಿಸಬೇಡಿ’ ಎಂದು ಅಚ್ಚಾಗಿದ್ದ ಭಾಗ ಮಾತ್ರ ಅವರ ಕೈಯಲ್ಲೇ ಉಳಿಯಿತು. ಎಷ್ಟು ಅನುಕೂಲ!

“ಸರ್, ಇದು ತಗೊಂಡ್ರೆ ಏನಾದ್ರೂ ಆಗುತ್ತಾ?” ಎಂದು ಭಾವ ಕೇಳಿದ್ದಾರೆ.

“ಅಯ್ಯೋ, ಶೀತದ ಮಾತ್ರೆ ಕಣ್ರೀ. ನುಂಗಿ ಡ್ಯೂಟಿಗೆ ನಡೀರಿ. ಇಲ್ಲೊಂದು ಸೈನ್ ಹಾಕಿ.”

ಬೇರೆ ಯಾವ ಔಷಧಿ ನುಂಗುತ್ತಿದ್ದೀರಿ ಎಂದು ಕೇಳಿದ್ದರೆ ನಾಲಿಗೆ ಸವೆಯುತ್ತಿತ್ತೇ? ಸೊಂಟನೋವಿಗೆ ಅವರು ತಿಂಗಳಿಂದ ತೆಗೆದುಕೊಳ್ಳುತ್ತಿದ್ದ ಮಾತ್ರೆಯೂ ಮಂಪರು ತರುವಂಥದ್ದೇ. ಕಣ್ಣಿನ ಒತ್ತಡವಿದೆಯೇ, ಮೂತ್ರ ಕಟ್ಟುತ್ತದೆಯೇ, ಕುಡಿಯುವ ಅಭ್ಯಾಸವುಂಟೇ ಎಂದೂ ಮೊದಲು ವಿಚಾರಿಸಬೇಕಂತೆ. ಅಷ್ಟಾಗಿ ಮಂಪರು ತರದ ಅಲರ್ಜಿ ಮಾತ್ರೆಯೂ ಸಿಗುತ್ತದಂತೆ. ಇಷ್ಟನ್ನೂ ನಮ್ಮ ಬೀದಿಯ ಔಷಧದಂಗಡಿಯಾಕೆ ನಿಂತ ನಿಲುವಿನಲ್ಲಿ ಹೇಳಿದರು. ನಿಮ್ಮಲ್ಲಿ ಅಷ್ಟು ದೊಡ್ಡ ಕೊಠಡಿ, ಗೋಡೆ ತುಂಬ ಪ್ರಮಾಣಪತ್ರಗಳು.

ಒಂದೂವರೆ ಗಂಟೆಯಲ್ಲಿ ಭಾವನ ಕಣ್ಣು ಎಳೆಯಿತು. ಬಸ್ಸು ಪೇಪರ್ ಅಂಗಡಿಗೆ ಗುದ್ದಿತು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ, ಭಾವನ ಮಂಡಿ ಒಡೆಯಿತು.

ಈಗ ನೀವು ಕಳಿಸಿದ ಔಷಧಿ ರಿಜಿಸ್ಟರಿನ ನಕಲು ನೋಡಿದೆ. ಭಾವನ ಸಹಿಯ ಪಕ್ಕ ‘ಎಚ್ಚರಿಕೆ ತಿಳಿಸಲಾಗಿದೆ’ ಎಂಬ ಮೊಹರು. “ಹೇಳಿದ್ರೇನೋಪ್ಪಾ, ನಾನೇ ಮರೆತೆನೇನೋ” ಎಂದು ಭಾವ ತಲೆ ತಗ್ಗಿಸುತ್ತಾರೆ. ಅಕ್ಕನೂ ಅವರನ್ನೇ ಗುರಾಯಿಸುತ್ತಾಳೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ ಸ್ವಾಮಿ. ಕೆಲಸ ಕಸಿಯುವ ಮೊದಲೇ ನೀವು ಆ ಮನುಷ್ಯನಿಗೆ ತನ್ನ ಮೇಲಿದ್ದ ನಂಬಿಕೆಯನ್ನು ಕಸಿದಿರಿ.

ನಾನು ಹುಟ್ಟಾ ಅನುಮಾನದ ಪ್ರಾಣಿ. ಜೊತೆಗೆ ಹೊಟ್ಟೆಪಾಡಿಗೆ ರಬ್ಬರ್ ಮೊಹರು ಮಾಡುವವನು. ಆ ಮೊಹರಿನ ಕೊನೆಯ ಅಕ್ಷರದ ತುದಿ ಹಾರಿದೆ, ಗಮನಿಸಿದ್ದೀರಾ? ಅಂಚು ಕತ್ತರಿಸುವಾಗ ನನ್ನದೇ ಬ್ಲೇಡು ಜಾರಿತ್ತು. “ಬೇರೆ ಮಾಡ್ಕೊಡ್ತೀನಿ, ನಾಳೆ ಬನ್ನಿ” ಎಂದೆ. “ಅರ್ಜೆಂಟು ಮಾರಾಯ್ರೇ, ಹಾಗೇ ಕೊಡಿ” ಎಂದು ನಿಮ್ಮ ಗುಮಾಸ್ತರು ಕಿತ್ತುಕೊಂಡು ಹೋದರು. ಅದು ಒಂಬತ್ತನೇ ತಾರೀಕು. ಅಪಘಾತವಾಗಿ ಏಳು ದಿನ ಕಳೆದಿತ್ತು.

ಸೋಮವಾರ ಮೂಲ ರಿಜಿಸ್ಟರನ್ನೂ ಆ ಮೊಹರನ್ನೂ ಮೇಜಿನ ಮೇಲಿಡಿ. ಗುಮಾಸ್ತರ ಸಹಿಯಿರುವ ನನ್ನ ಆರ್ಡರ್ ಪುಸ್ತಕ ನಾನು ತರುತ್ತೇನೆ. ಭಾವನನ್ನೂ ಕರೆತರುತ್ತೇನೆ. ‘ನಾವು ನಿಮಗೆ ಏನೂ ಹೇಳಿರಲಿಲ್ಲ’ ಎಂಬ ಒಂದು ಮಾತನ್ನು ನೀವು ಅವರ ಮುಖ ನೋಡಿಯೇ ಹೇಳಬೇಕು.

ಇಂತಿ,
ನಿಮ್ಮ ಸುಳ್ಳನ್ನು ಗೊತ್ತಿಲ್ಲದೆ ತನ್ನ ಕೈಯಾರೆ ತಯಾರಿಸಿಕೊಟ್ಟ
ಮೊಹರಿನವನು