ಎಪ್ಪತ್ತನೆಯ ನಿಮಿಷಕ್ಕೆ ಏಳಬೇಡಿ

ಗೋಲು ಶಕೆ ನೂರಾ ಅರವತ್ತೊಂದು,
ಬಿಸಿಲ ತಿಂಗಳ ಮೂವತ್ತೇಳನೆಯ ದಿನ,
ಬೆಟಗೇರಿ ತಟ್ಟಿಯ ಕೆಳಗಿನಿಂದ.

ಬೆಳಧಡಿ ಮನೆತನದ ಫಕೀರಜ್ಜನವರಿಗೆ ಕಲ್ಲವ್ವ ಮಾಡುವ ಶರಣು ಶರಣಾರ್ಥಿ.

ಮೇಲಿನ ದಿನಾಂಕ ನೋಡಿ ನಿಮಗೆ ತಲೆ ಕೆಡಬಹುದು. ಇದು ಯಾವ ಶಕೆ, ತಿಂಗಳಿಗೆ ಮೂವತ್ತೇಳು ದಿನ ಎಲ್ಲಿಂದ ಬಂದವು ಎಂದು ಕೇಳುತ್ತೀರಿ. ನಮ್ಮಲ್ಲಿ ಬಿಸಿಲ ತಿಂಗಳು ಮುಗಿಯುವುದು ಬಿಸಿಲು ಮುಗಿದಾಗ, ಪಂಚಾಂಗ ಹೇಳಿದಾಗ ಅಲ್ಲ. ಶಕೆಯ ಎಣಿಕೆ ಶುರುವಾಗುವುದು ಇವತ್ತು ಸಂಜೆ ನಿಮ್ಮ ಕೆರೆದಂಡಿ ಕಾಲೇಜಿನ ಫುಟ್‌ಬಾಲ್ ಟೀಮು ಹೊಡೆಯಲಿರುವ ಗೋಲಿನಿಂದ. ನಿಮಗಿನ್ನೂ ಮೂವತ್ತು ತುಂಬಿಲ್ಲ, ಅಜ್ಜ ಎಂದೆನೆಂದು ಸಿಟ್ಟಾಗಬೇಡಿ. ನಮ್ಮ ಮನೆಯಲ್ಲಿ ನಿಮ್ಮನ್ನು ಬೇರೆ ಹೆಸರಿನಿಂದ ಕರೆದವರಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಪಂದ್ಯಗಳ ವೀಕ್ಷಕ ವಿವರಣೆ ಕೇಳಿ ಕೇಳಿ.

ಈ ಅಕ್ಷರಗಳು ನಿಮಗೆ ತಲುಪುತ್ತಿರುವುದು ಹಿನ್ನಂಚೆಯಿಂದ. ಹಿಂದಿನ ಕಾಲದಲ್ಲಿ ಆಗಲೇ ಇರುವ ಯಾವುದಾದರೂ ಹಾಳೆಯ ಮೇಲೆ ಬರಹ ಮೂಡಿಸುವ ವಿದ್ಯೆ ಅದು. ಸ್ವಂತ ರಕ್ತದವರಿಗೆ ಮಾತ್ರ ಬರೆಯಬಹುದು, ಅದೂ ಜನ್ಮಕ್ಕೊಮ್ಮೆ. ನಾನು ಆರಿಸಿಕೊಂಡ ಹಾಳೆ ನೀವು ಮೈದಾನದ ಹೊರಗೆ ಕೊಂಡ ಮಿರ್ಚಿ ಭಜಿ ಸುತ್ತಿದ ಪೇಪರು. ಭಜಿ ತಿನ್ನುತ್ತಲೇ ಓದಿ, ಎಣ್ಣೆ ಹತ್ತಿದರೂ ಅಕ್ಷರ ಅಳಿಯುವುದಿಲ್ಲ. ಆದರೆ ಆಟ ಶುರುವಾಗುವ ಮೊದಲು ಓದಿ ಮುಗಿಸಿ. ನಾನು ಕೇಳುವುದು ಇಷ್ಟೇ: ಎರಡನೆಯ ಅರ್ಧದಲ್ಲಿ, ಎಪ್ಪತ್ತನೆಯ ನಿಮಿಷದ ಹೊತ್ತಿಗೆ, ಕುಳಿತ ಜಾಗ ಬಿಟ್ಟು ಏಳಬೇಡಿ. ನನ್ನ ಮಗಳ ಜೀವ ಅದರ ಮೇಲೆ ನಿಂತಿದೆ.

ನೀವು ಎಂಥ ಅಭಿಮಾನಿ ಎಂಬುದು ನನಗೆ ಗೊತ್ತು. ಆ ಕಾಲೇಜಿನಲ್ಲಿ ನೀವು ಒಂದು ದಿನವೂ ಓದಿದವರಲ್ಲ. ಎಸ್ಸೆಸ್ಸೆಲ್ಸಿಯಲ್ಲೇ ಎರಡು ಸಲ ಡುಮ್ಕಿ ಹೊಡೆದು ಬಸ್ ಕಂಡಕ್ಟರ್ ಆದವರು. ಆದರೂ ಟೀಮು ಆಡುವ ದಿನ ಡ್ಯೂಟಿ ಬದಲಿಸಿಕೊಂಡು, ಹಳದಿ ಅಂಗಿ ತೊಟ್ಟು ಮೈದಾನಕ್ಕೆ ಬರುತ್ತೀರಿ. ಕಾಲೇಜಿನ ಪ್ರಿನ್ಸಿಪಾಲರ ಹೆಸರು ನಿಮಗೆ ಗೊತ್ತಿಲ್ಲ, ಗೋಲ್‌ಕೀಪರನ ಮೊಣಕಾಲು ಯಾವ ತಿಂಗಳು ನೋಯುತ್ತಿತ್ತು ಎಂಬುದು ಗೊತ್ತು. ಟೀಮು ಸೋತ ದಿನ ನಿಮ್ಮ ಬಸ್ಸಿನಲ್ಲಿ ಚಿಲ್ಲರೆ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲವಂತೆ. ಇದನ್ನೆಲ್ಲ ಹೀಯಾಳಿಸಲು ಬರೆಯುತ್ತಿಲ್ಲ. ನಾವೂ ಅದೇ ಗಿಡದ ಕಾಯಿಗಳು.

ಇವತ್ತಿನ ಫೈನಲಿನಲ್ಲಿ ನಡೆಯುವುದು ಇದು. ಒಂದೂ ಗೋಲು ಬೀಳದೆ ಆಟ ಎಳೆದಾಡುತ್ತದೆ. ನಿಮ್ಮ ಪಕ್ಕದಲ್ಲಿ ಗೆಳೆಯ ಮಾಬುಸಾಬರು ಕುಳಿತಿರುತ್ತಾರೆ. ಅವರು ತಾಳ್ಮೆಗೆಟ್ಟು, “ಎದ್ದ ಹೋಗಲೇ ಫಕೀರ್ಯಾ, ನೀ ಕುಂತಿರೂತನಕಾ ಗೋಲ್ ಬೀಳೂದಿಲ್ಲ” ಎನ್ನುತ್ತಾರೆ. ಸುತ್ತಲಿನವರು ನಗುತ್ತಾರೆ. ನೀವೂ ನಗುತ್ತ ಎದ್ದು ಮೂಡಣ ಗೇಟಿನಿಂದ ಹೊರಗೆ ಹೋಗಿ ಚಹಾ ಕೊಳ್ಳುತ್ತೀರಿ. ಗ್ಲಾಸು ತುಟಿಗೆ ಹತ್ತುವಷ್ಟರಲ್ಲಿ ಒಳಗೆ ಮೈದಾನವೇ ಕೂಗುತ್ತದೆ. ಕಾರ್ನರ್‌ನಿಂದ ಬಂದ ಚೆಂಡಿಗೆ ನಮ್ಮ ಡಿಫೆಂಡರ್ ತಲೆ ಕೊಟ್ಟಿರುತ್ತಾನೆ. ಕಾಲೇಜಿನ ಮೊದಲ ಕಪ್ಪು ಅದು, ಮತ್ತು ಅದನ್ನು ತಂದ ಗೋಲನ್ನು ಎದ್ದು ಹೊರಗೆ ಹೋಗಿ ತಪ್ಪಿಸಿಕೊಂಡ ಒಬ್ಬನೇ ಅಭಿಮಾನಿ ನೀವು.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಆದರೆ ನೀವು ಅದನ್ನು ಅಲ್ಲಿಗೆ ಬಿಡಲಿಲ್ಲ. ‘ನಾ ಎದ್ದೆ, ಗೋಲು ಬಿತ್ತು’ ಎಂದು ಬಸ್ಸಿನಲ್ಲಿ ಹೇಳಿದಿರಿ, ಮದುವೆ ಮನೆಗಳಲ್ಲಿ ಹೇಳಿದಿರಿ, ಹಾಡಿದ್ದೇ ಹಾಡು ಕಿಸಬಾಯಿ ದಾಸ ಎಂದು ಹೆಂಡತಿ ರೇಗಿದರೂ ಹೇಳಿದಿರಿ. ಮುಂದಿನ ಫೈನಲಿಗೆ ಜನರೇ ನಿಮ್ಮನ್ನು ಎಬ್ಬಿಸಿ ಕಳಿಸಿದರು. ಗೆದ್ದರು. ಅದರ ಮುಂದಿನ ಸಲ ನಿಮಗೆ ಜ್ವರ, ಕುಳಿತಲ್ಲಿಂದ ಏಳಲಾಗಲಿಲ್ಲ. ಸೋತರು. ಅಲ್ಲಿಗೆ ಮುಗಿಯಿತು. ನಿಮ್ಮ ನಂತರ ಮಗ ಎದ್ದ, ಮೊಮ್ಮಗ ಎದ್ದ, ಏಳುವುದು ನಮ್ಮ ಮನೆತನದ ಕೆಲಸವಾಯಿತು. ಏಳುವವರಿಗೆ ಮೂವತ್ತು ತುಂಬಿರಬಾರದು, ಅಂದು ನಿಮಗೆ ತುಂಬಿರಲಿಲ್ಲವಲ್ಲ.

ನಿಮ್ಮೊಬ್ಬರದೇ ಕಥೆ ಎಂದುಕೊಳ್ಳಬೇಡಿ. ಅಂದಿನ ಆಟವನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು, ಗ್ಯಾಲರಿ ಪೂರ್ತಿ ಅದರಲ್ಲಿದೆ. ಆ ಹೊತ್ತಿನಲ್ಲಿ ಯಾರು ಏನು ಮಾಡುತ್ತಿದ್ದರೋ ಅದನ್ನು ಅವರ ವಂಶದವರು ಇಂದಿಗೂ ಮಾಡುತ್ತಾರೆ. ಇದಕ್ಕೆ ನಾವು ‘ಅಂದಿನಂತೆ’ ಎನ್ನುತ್ತೇವೆ. ಮುಳಗುಂದ ಮನೆಯವರು ಬಲಗಾಲಿನ ಚಪ್ಪಲಿ ಬಿಟ್ಟು ಕೂರಬೇಕು. ಹಿಂದಿನ ಸಾಲಿನಲ್ಲಿ ಒಬ್ಬಾತ ನಿದ್ದೆ ಹೋಗಿದ್ದ, ಅವನ ಮನೆಯವರು ಫೈನಲಿನ ದಿನ ಔಷಧಿ ತೆಗೆದುಕೊಂಡು ನಿದ್ದೆ ಮಾಡುತ್ತಾರೆ. ಮಾಬುಸಾಬರ ಕಡೆಯವರು ತಮ್ಮ ಅಜ್ಜ ಅಂದ ಮಾತನ್ನೇ ಅನ್ನಬೇಕು, ಸುತ್ತಲಿನವರು ನಗಬೇಕು. ಅಂದು ಒಂದು ಕೂಸು ಅತ್ತಿತ್ತು. ಇಂದು ಆ ಮನೆಯವರು ಒಂದು ಕೂಸನ್ನು ತಂದು, ಹೊತ್ತು ಬಂದಾಗ ತೊಡೆ ಚಿವುಟುತ್ತಾರೆ. ಕೂಸು ಅತ್ತ ಕೂಡಲೇ ಇಡೀ ಗ್ಯಾಲರಿ ನಿಟ್ಟುಸಿರು ಬಿಡುತ್ತದೆ, ಎಲ್ಲ ಸರಿಯಾಗಿದೆ ಎಂದು.

ಕಾಲೇಜು ಎಂಬ ಮಾತಿಗೆ ನಮ್ಮಲ್ಲಿ ಟೀಮು ಎಂದಷ್ಟೇ ಅರ್ಥ. ಅಲ್ಲಿ ಪಾಠ ನಿಂತು ತಲೆಮಾರುಗಳಾದವು. ಗ್ರಂಥಾಲಯವಿದ್ದ ಕೋಣೆಯಲ್ಲಿ ಹಳೆಯ ಜರ್ಸಿಗಳನ್ನು ಬೇವಿನ ಎಲೆ ಹಾಕಿ ಮಡಚಿಟ್ಟಿದ್ದಾರೆ. ಊರಿನ ಮೇಲೆ ಈ ತುದಿಯಿಂದ ಆ ತುದಿಗೆ ತಟ್ಟಿ ಹಾಸಿದೆ. ತಟ್ಟಿ ಎಂದರೆ ಬಿಸಿಲು ತಡೆಯುವ ಹೊದಿಕೆ, ನಾವು ಬದುಕುವುದು ಅದರ ಕೆಳಗೆ. ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ಹೊರಗಿನ ಕೆಲಸ ಮುಗಿಸಿ ಬಂದು ಬಾಗಿಲುಗಳನ್ನು ಹಾಕಿಕೊಳ್ಳುತ್ತೇವೆ, ಹೊತ್ತು ಮುಳುಗುವವರೆಗೆ ಹೊರಗೆ ಯಾರೂ ಕಾಲಿಡುವುದಿಲ್ಲ. ಮಕ್ಕಳಿಗೆ ಹೊರಗಿನ ಬಯಲಿನ ಹೆಸರು ಹೇಳಿ ಊಟ ಮಾಡಿಸುತ್ತೇವೆ. ನೀವು ಚಹಾ ಕುಡಿಯಲು ಹೋದ ಗೇಟು ಈಗ ತಟ್ಟಿಯ ಮೂಡಣ ಬಾಗಿಲು. ಅದರಾಚೆ ಚಹಾ ಅಂಗಡಿಯಿಲ್ಲ, ಮರವಿಲ್ಲ, ನೆಲ ಬರಿಗಾಲು ಇಡುವಂತಿಲ್ಲ. ಫೈನಲು ಮಾತ್ರ ಅಂದಿನಂತೆ ಬಿಸಿಲ ತಿಂಗಳಲ್ಲಿ, ಬಿಸಿಲಿರುವಾಗಲೇ ನಡೆಯಬೇಕು.

ಮೊದಮೊದಲು ನಮ್ಮ ಮನೆಯವರು ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಹಚ್ಚಿ ನಿಂತು, ತಾಳಲಾಗದಿದ್ದರೆ ಬಡಿದು ಒಳಗೆ ಬರುತ್ತಿದ್ದರಂತೆ. ಒಂದು ವರ್ಷ ಹಾಗೆ ಗೋಲಿಗಿಂತ ಮೊದಲೇ ಒಳಗೆ ಬಂದರು, ಟೀಮು ಸೋತಿತು. ಅಂದಿನಿಂದ ನಮ್ಮ ಗೋಲು ಬಿದ್ದರೆ ಮಾತ್ರ ಬಾಗಿಲು ತೆರೆಯುತ್ತಾರೆ. ಬೀಳದಿದ್ದರೆ ಹೊತ್ತು ಮುಳುಗಿದ ಮೇಲೆ ತೆರೆಯುತ್ತಾರೆ. ಅಷ್ಟು ಹೊತ್ತಿಗೆ ತೆರೆದು ಪ್ರಯೋಜನವಿರುವುದಿಲ್ಲ.

ಹೋದ ಫೈನಲಿನಲ್ಲಿ ಎದ್ದವನು ನನ್ನ ತಮ್ಮ ಚನ್ನಬಸು. ನನಗಿಂತ ಬಹಳ ಚಿಕ್ಕವನು, ಎತ್ತಿ ಆಡಿಸಿದವಳು ನಾನೇ. ಕೈಯಲ್ಲಿ ಖಾಲಿ ಚಹಾ ಗ್ಲಾಸು ಹಿಡಿದು, ಎಲ್ಲರಿಗೂ ಕೈಬೀಸಿ ಹೋದ. ನಮ್ಮವರ ಒಂದು ಹೊಡೆತ ಗೋಲುಕಂಬಕ್ಕೆ ಬಡಿದು ಆಚೆ ಹೋಯಿತು. ಆಗ ಜನ ಕೂಗಿದ್ದು ಅವನಿಗೆ ಹೊರಗೆ ಕೇಳಿಸಿರಬೇಕು. ಗೋಲಾಯಿತು ಎಂದು ತಿಳಿದು ಬಾಗಿಲ ಬಳಿ ಬಂದು ನಿಂತಿರಬೇಕು. ಸಂಜೆ ಅವನನ್ನು ಒಳಗೆ ತಂದಾಗ ಅವನ ಅಂಗೈ ಎರಡೂ ಬಾಗಿಲಿನ ಕಬ್ಬಿಣಕ್ಕೆ ಹತ್ತಿ ಸುಟ್ಟಿದ್ದವು. ಊರೆಲ್ಲ ಅತ್ತಿತು. ಅವನ ಹೆಸರಿನಲ್ಲಿ ಜರ್ಸಿ ಮಾಡಿಸಿದರು. ಯಾರೂ ಬಾಗಿಲಿನ ಬಗ್ಗೆ ಮಾತಾಡಲಿಲ್ಲ.

ಈಗ ನನ್ನ ಮಗಳು ನಿಂಬವ್ವನ ಸರದಿ. ಇಪ್ಪತ್ತೆರಡು ವರ್ಷ. ಬರುವ ಭಾನುವಾರ ಫೈನಲು. ಎದುರಾಳಿಗಳು ಮಲಪ್ರಭೆ ದಂಡೆಯವರು, ಈ ವರ್ಷ ಅವರ ವಿರುದ್ಧ ಯಾರೂ ಒಂದು ಗೋಲನ್ನೂ ಹೊಡೆದಿಲ್ಲ. ಅದು ಊರಿಗೆಲ್ಲ ಗೊತ್ತು, ಅದಕ್ಕೇ ಎಲ್ಲರೂ ನಿಂಬವ್ವನ ಮೇಲೆ ಪ್ರಾಣ ಇಟ್ಟಿದ್ದಾರೆ. ಮದುಮಗಳಿಗೆ ತಂದಂತೆ ಒಬ್ಬರು ಹೋಳಿಗೆ ತರುತ್ತಾರೆ, ಒಬ್ಬರು ಅರಿಶಿಣ ಹಚ್ಚುತ್ತಾರೆ, ಮುದುಕಿಯರು ನೆಟಿಗೆ ಮುರಿಯುತ್ತಾರೆ. ಅವಳನ್ನು ಯಾರೂ ಒತ್ತಾಯ ಮಾಡಿಲ್ಲ. ಹೆದರಿಕೆಯಾಗುವುದು ನನಗೆ ಅದಕ್ಕೇ. ಹೋಗಬೇಡ ಎಂದು ನಾನು ಕಾಲು ಹಿಡಿಯುವುದೊಂದು ಬಾಕಿ. ಅವಳು ನನ್ನ ಕಣ್ಣೊರೆಸಿ, “ನಾ ಏಳದ ಟೀಮ್ ಸೋತ್ರ ಯಾರ ಮುಂದ ಮಾರಿ ತೋರ್ಸಲೆವ್ವಾ? ಗೋಲ್ ಬಿದ್ದ ಬೀಳತೈತಿ, ನೀ ಸುಮ್ನಿರು” ಎನ್ನುತ್ತಾಳೆ. ಅವಳ ದನಿಯಲ್ಲಿ ಒಂದಿಷ್ಟೂ ಅಳುಕಿಲ್ಲ.

ಅವಳ ಬದಲು ನಾನು ಹೋಗುತ್ತೇನೆ ಎಂದು ಅಭಿಮಾನಿ ಸಂಘದ ಹಿರಿಯರನ್ನು ಕೇಳಿದೆ. ಮೂವತ್ತು ದಾಟಿದೆಯಲ್ಲ ತಂಗಿ ಎಂದರು. ಬಾಗಿಲನ್ನಾದರೂ ಸುಮ್ಮನೆ ಮುಂದಕ್ಕೆ ಎಳೆದಿಡಿ, ಚಿಲಕ ಹಾಕಬೇಡಿ ಎಂದೆ. ಸಂಘದ ಹಿರಿಯ ಗುರುಶಾಂತಪ್ಪನವರು, ಚನ್ನಬಸುವನ್ನು ಮಣ್ಣು ಮಾಡುವಾಗ ನನಗಿಂತ ಹೆಚ್ಚು ಅತ್ತವರು, “ನಮಗೇನ್ ಕರುಳ ಇಲ್ಲಂತ ತಿಳ್ದೀಯೇನವಾ? ಆದ್ರ ಚಿಲಕ ಹಾಕ್ಲಿಲ್ಲಂತ ಸೋತ್ರ, ನಿನ್ನ ಮಗಳ ನಿನ್ನ ಜೋಡಿ ಮಾತಾಡೂದಿಲ್ಲ” ಎಂದರು. ಅವರು ಹೇಳಿದ್ದು ನಿಜ. ನಾನು ಎದ್ದು ಬಂದೆ.

ಹೀಗಾಗಿ ನೀವೊಬ್ಬರೇ ಉಳಿದಿರಿ. ಅಂದಿನ ಆಟದ ಚಿತ್ರವನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಕಾರ್ನರ್ ಹೊಡೆದವನು ನಿಮ್ಮ ಖಾಲಿ ಜಾಗದ ಕಡೆ ನೋಡಿದನೇ? ಇಲ್ಲ. ತಲೆ ಕೊಟ್ಟವನು? ಅವನೂ ಇಲ್ಲ. ಆ ಹುಡುಗರು ದಣಿದಿದ್ದರು, ಚೆಂಡನ್ನು ನೋಡುತ್ತಿದ್ದರು, ಚೆನ್ನಾಗಿ ಆಡಿದರು. ನೀವು ಕುಳಿತಿದ್ದರೂ ಆ ಗೋಲು ಬೀಳುತ್ತಿತ್ತು ಎಂದು ನನ್ನ ಬುದ್ಧಿ ಹೇಳುತ್ತದೆ. ಆದರೆ ನಾನೂ ಈ ಊರಿನವಳೇ, ಇದೇ ಹಳದಿ ಅಂಗಿ ತೊಟ್ಟು ಬೆಳೆದವಳು. ಈ ಸಾಲು ಬರೆಯುವಾಗ ಅಪಶಕುನ ನುಡಿದಂತೆ ಅನಿಸಿ ಗಲ್ಲ ಬಡಿದುಕೊಂಡೆ. ಒಂದು ವೇಳೆ ನೀವು ಕುಳಿತು, ಗೋಲು ಬೀಳದೆ ಹೋದರೆ?

ಬೀಳದಿರಲಿ. ಕಪ್ಪು ಬೇರೆಯವರು ಒಯ್ಯಲಿ. ನೀವು ನಾಳೆ ಬಸ್ಸಿನಲ್ಲಿ ಚಿಲ್ಲರೆ ಕೊಡದೆ ಜಗಳ ಕಾಯಿರಿ, ಎರಡು ದಿನ ಉಣ್ಣದೆ ಮಲಗಿ, ಮೂರನೆಯ ದಿನ ಎದ್ದು ಮುಂದಿನ ವರ್ಷದ ಮಾತಾಡಿ. ಸೋತ ಟೀಮಿನ ಅಭಿಮಾನಿಗಳು ಹಾಗೆಯೇ ಬದುಕುತ್ತಾರೆ, ಸಾಯುವುದಿಲ್ಲ. ನಮ್ಮ ಶಕೆ ಶುರುವಾಗದಿರಲಿ. ಈ ಕಾಗದ ಬರೆದ ನಾನೇ ಇಲ್ಲವಾದರೂ ಆಗಲಿ. ಟೀಮು ಸೋಲಲಿ ಎಂದು ಬೆಳಧಡಿ ಮನೆತನದವರು ಬಾಯಿ ಬಿಟ್ಟು ಹೇಳಿದ್ದಿಲ್ಲ, ಮನಸ್ಸಿನಲ್ಲಿ ಅಂದುಕೊಂಡದ್ದೂ ಇಲ್ಲ. ನಾನು ಹೇಳುತ್ತಿದ್ದೇನೆ, ಅಜ್ಜ. ಟೀಮು ಸೋಲಲಿ.

ಮಾಬುಸಾಬರು ತಮಾಷೆ ಮಾಡಿದರೆ ನೀವೂ ತಮಾಷೆ ಮಾಡಿ, ಆದರೆ ಕುಳಿತೇ ಇರಿ. ಗಂಟಲು ಒಣಗಿದರೂ ಕುಳಿತಿರಿ. ಜನ ಬೈದರೂ ಕುಳಿತಿರಿ.

ಬರೆದ ಒಂದೊಂದು ಸಾಲೂ ಆಗಿಂದಾಗಲೇ ನಿಮ್ಮ ಹಾಳೆಯ ಮೇಲೆ ಮೂಡುತ್ತದೆ ಎಂದು ಹಿನ್ನಂಚೆಯವರು ಹೇಳಿದ್ದಾರೆ. ಹಾಗಿದ್ದರೆ ನೀವು ಇಷ್ಟು ಹೊತ್ತಿಗೆ ಓದಿರಬೇಕು. ನೀವು ಓದಿ ಕುಳಿತಿದ್ದರೆ ಇಲ್ಲಿ ಏನಾದರೂ ಬದಲಾಗಿರಬೇಕಿತ್ತು. ಆದರೆ ಪಕ್ಕದ ಕೋಣೆಯಲ್ಲಿ ನಿಂಬವ್ವ ಕುರ್ಚಿಯಿಂದ ಏಳುವುದನ್ನು ಕಲಿಯುತ್ತಿದ್ದಾಳೆ. ಏಳುತ್ತಾಳೆ, ನಗುತ್ತಾಳೆ, ಬಾಗಿಲವರೆಗೆ ನಡೆಯುತ್ತಾಳೆ, ತಿರುಗಿ ಬಂದು ಕೂರುತ್ತಾಳೆ. ಈಗ ತಾನೇ ನನ್ನನ್ನು ಕೂಗಿ, “ಅವ್ವಾ, ನನ್ನ ನಡಿಗಿ ಫಕೀರಜ್ಜನಂಗ ಐತೇನು?” ಎಂದು ಕೇಳಿದಳು. ನಾನು ನೋಡಿದೆ. ನಿಮ್ಮದೇ ನಡಿಗೆ. ಹೌದು ಎಂದೆ.

ನಿಮ್ಮ ಮನೆಮಗಳು,
ಕಲ್ಲವ್ವ